ಮೋಯೆಲ್ ಗುಡ್ಡದ ಮೇಲಿನ ಗೇಟು

ಗೇಟು ಮತ್ತೆ ತೆರೆದುಕೊಂಡಿತ್ತು. ನೆಸ್ಟ್ ನಾಲ್ಕು ಚಕ್ರದ ಬೈಕನ್ನು ಗೋಡೆಗೆ ತಾಗಿಸಿ ನಿಲ್ಲಿಸಿದಳು. ಗೋಡೆಯ ಈಚೆ, ಮೋಯೆಲ್ ಗುಡ್ಡದಲ್ಲಿ, ಅವಳ ಒಂದು ಕುರಿಯೂ ಇರಲಿಲ್ಲ. ಆಚೆ, ಎಸ್ಗೈರ್ ಇಳಿಜಾರಿನಲ್ಲಿ, ಭುಜದ ಮೇಲೆ ನೀಲಿ ಬಣ್ಣದ ಗುರುತಿದ್ದ ಅವಳ ಕುರಿಗಳೆಲ್ಲ ಮರಿಗಳ ಜೊತೆ ಹರಡಿಕೊಂಡು ಮೇಯುತ್ತಿದ್ದವು. ತವರಿಗೆ ಬಂದ ಹೆಂಗಸರಷ್ಟು ಆರಾಮವಾಗಿ.

ಅವಳು ನಾಯಿ ಜೆಸ್‌ಳನ್ನು ಅಲ್ಲೇ ಕೂರಿಸಿ ಕೆಳಗಿನ ಮನೆಗೆ ನಡೆದಳು. ಹೇಳದೆ ಕೇಳದೆ ಬೇರೆಯವರ ಗುಡ್ಡದಲ್ಲಿ ನಾಯಿ ಬಿಡುವಂತಿಲ್ಲ, ಅದು ಸ್ವಂತ ಅಣ್ಣನ ಗುಡ್ಡವಾದರೂ.

ಎಸ್ಗೈರ್ ಮನೆಯ ಅಂಗಳದಲ್ಲಿ ಅಣ್ಣ ಗೆಥಿನ್ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಪೈಪು ಕೆಳಗಿಡದೆ, "ಮತ್ತೆ ಬಂದ್ಯಾ? ನಿನ್ ಕುರಿಗಳಿಗೆ ನನ್ ಹುಲ್ಲೇ ರುಚಿ ನೋಡು," ಅಂದ.

"ಗೇಟು ತೆಗ್ದಿತ್ತು."

"ಯಾವತ್ತು ತೆಗ್ದಿರಲ್ಲ ಹೇಳು. ಕೆರೆ ನೋಡೋಕೆ ಬರೋರಿಗೆಲ್ಲ ಗೇಟು ತೆಗೆಯೋಕೆ ಬರತ್ತೆ, ಮುಚ್ಚೋಕೆ ಮಾತ್ರ ಕೈ ಇರಲ್ಲ."

"ಅಪ್ಪ ಎಲ್ಲಿ?"

"ಒಳಗೆ. ನಿದ್ದೆ. ಈಚೆಗೆ ಬೆಳಿಗ್ಗೆ ಎಲ್ಲ ನಿದ್ದೆನೇ." ಅವನು ನೀರು ನಿಲ್ಲಿಸಿದ. "ಕುರಿ ಹೊಡ್ಕೊಂಡು ಹೋಗು, ಬೇಡ ಅನ್ನಲ್ಲ. ಆದ್ರೆ ನವೆಂಬರಲ್ಲಿ ಬೇಲಿ ಬರತ್ತೆ ನೆಸ್ಟ್. ಆಮೇಲೆ ಬಂದ್ರೆ ನಿನ್ ಕುರಿ ತಂತಿಗೆ ಮೂತಿ ಒರೆಸ್ಕೊಂಡು ವಾಪಸ್ ಹೋಗ್ಬೇಕು, ಅಷ್ಟೆ."

ಗೆಥಿನ್ ಎಸ್ಗೈರ್ ಗುಡ್ಡವನ್ನು ಮರ ನೆಡುವ ಕಂಪನಿಯೊಂದಕ್ಕೆ ಕೊಟ್ಟಿದ್ದ. ಕೆಳಗಿನ ಹೊಲಗಳಲ್ಲಿ ದಪ್ಪ ತೊಡೆಯ, ಬೇಗ ಮಾಂಸ ಕಟ್ಟುವ ಜಾತಿಯ ಕುರಿ ಇಟ್ಟುಕೊಂಡಿದ್ದ. ಗುಡ್ಡದ ಕುರಿಗಳು ಅವನಿಗೆ ಬೇಡವಾಗಿದ್ದವು. ಅಪ್ಪ ಇಥೆಲ್ ಜೀವಮಾನವಿಡೀ ಆರಿಸಿ ಆರಿಸಿ ಬೆಳೆಸಿದ ಆ ಹಿಂಡನ್ನು ನೆಸ್ಟ್ ತಾನು ಕೊಳ್ಳುತ್ತೇನೆಂದಳು. ಆಗ ಅವಳಿಗೆ ಬ್ಲೈನಾಂಟ್ ಗುತ್ತಿಗೆಗೆ ಸಿಕ್ಕಿತ್ತು. ಮೋಯೆಲ್ ಗುಡ್ಡದ ಬುಡದಲ್ಲಿದ್ದ ಆ ಮನೆ, ಹೊಲ, ಮೇಲೆ ಗುಡ್ಡದ ಒಂದು ಪಾಲು. ಹಿಂದಿನ ಗುತ್ತಿಗೆದಾರ ಕುರಿಗಳನ್ನೆಲ್ಲ ಮಾರಿ ಕೈತೊಳೆದುಕೊಂಡು ಹೋಗಿದ್ದ. ಗುಡ್ಡ ಮೂರು ವರ್ಷ ಖಾಲಿ ಇತ್ತು.

ಪೊಂಟಲ್ವೆನ್ ಊರಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದರು. ಹೊಸ ಗುಡ್ಡಕ್ಕೆ ಕುರಿ ತರುವುದಾದರೆ ದೂರದಿಂದ ತಾ. ಹಳೆಯ ಗುಡ್ಡ ಕಣ್ಣಿಗೆ ಬೀಳದಷ್ಟು ದೂರದಿಂದ. ಈ ಕಡೆಯ ಗುಡ್ಡದ ಕುರಿಗೆ ಬೇಲಿ ಹಾಕುವವರಿಲ್ಲ. ಅದಕ್ಕೆ ಅದರದೇ ನೆಲೆ ಇರುತ್ತದೆ. ತಾಯಿ ಯಾವ ಬಂಡೆಯ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡಿತೋ ಅದೇ ಬಂಡೆಯ ಮರೆಯಲ್ಲಿ ಮಗಳು, ಮೊಮ್ಮಗಳು. ಬೇರೆಲ್ಲಿ ಬಿಟ್ಟರೂ ಅಲ್ಲಿಗೇ ನಡೆದು ಹೋಗುತ್ತದೆ. ನೆಸ್ಟ್‌ಗೆ ಇದು ಗೊತ್ತಿಲ್ಲವೆಂದಲ್ಲ. ಎಸ್ಗೈರ್ ಕುರಿಗಿಂತ ಒಳ್ಳೆಯ ಕುರಿ ಸುತ್ತಮುತ್ತ ಇಲ್ಲ, ನಡುವೆ ಎದೆಯೆತ್ತರದ ಕಲ್ಲುಗೋಡೆ ಇದೆ, ಗೋಡೆ ತಡೆಯುತ್ತದೆ ಎಂದುಕೊಂಡಳು. ಗೋಡೆ ತಡೆಯಿತು. ಗೇಟು ತಡೆಯಲಿಲ್ಲ.

ಅಕ್ಟೋಬರಿನಲ್ಲಿ ಸುತ್ತಲಿನ ಮನೆಯವರೆಲ್ಲ ಸೇರಿ ಗುಡ್ಡಗಳಿಂದ ಕುರಿ ಇಳಿಸುತ್ತಾರೆ. ಅಷ್ಟರೊಳಗೆ ಅವಳ ಹಿಂಡು ಮೋಯೆಲ್ ಮೇಲೆ ನೆಲೆ ನಿಲ್ಲಬೇಕಿತ್ತು. ಜಮೀನಿನ ಒಡೆತನದ ಎಸ್ಟೇಟಿನ ಏಜೆಂಟ್ ಮಿಸೆಸ್ ಪ್ರೋಥೆರೋ ಗುತ್ತಿಗೆ ಕೊಡುವಾಗಲೇ ಹೇಳಿದ್ದಳು: ನಿಲ್ಲದಿದ್ದರೆ ಗುಡ್ಡದ ಪಾಲು ಪಕ್ಕದ ಡೋಲ್ವೆನ್‌ನ ಐರ್ವಿನ್‌ಗೆ ಹೋಗುತ್ತದೆ. ಗುಡ್ಡವಿಲ್ಲದ ಬ್ಲೈನಾಂಟ್‌ನಲ್ಲಿ ಬದುಕುವಷ್ಟು ಹೊಲವಿಲ್ಲ. ಮನೆಗೆ ಸುಣ್ಣ ಬಳಿದು ಕೆರೆ ನೋಡಲು ಬರುವವರಿಗೆ ವಾರದ ಬಾಡಿಗೆಗೆ ಕೊಡುತ್ತಾರೆ. ಆ ಕಣಿವೆಯಲ್ಲಿ ಆಗಲೇ ಐದಾರು ಮನೆಗಳ ಬಾಗಿಲಿಗೆ ಬಾಡಿಗೆಯವರ ಕೀ ಇಡುವ, ಸಂಖ್ಯೆ ಒತ್ತಿ ತೆಗೆಯುವ ಡಬ್ಬಿ ಬಂದಿತ್ತು.

ನೆಸ್ಟ್ ಅಂದು ಕುರಿಗಳನ್ನು ಹೊಡೆದುಕೊಂಡು ಮೇಲೆ ಬಂದಾಗ ಗೇಟಿನ ಬಳಿ ಒಬ್ಬ ಗಂಡಸು, ಒಬ್ಬ ಹೆಂಗಸು ನಕ್ಷೆ ಹರಡಿಕೊಂಡು ನಿಂತಿದ್ದರು. ಇಬ್ಬರಿಗೂ ಒಂದೇ ಬಣ್ಣದ ಹೊಸ ಮಳೆಯಂಗಿ.

"ಒಂದು ನಿಮಿಷ," ಅಂದಳು ಹೆಂಗಸು. "ಇಲ್ಲಿ ಕೆರೆಯೊಳಗೆ ಮುಳುಗಿದ ಊರಿನ ಗಂಟೆ ಕೇಳತ್ತಂತಲ್ಲ, ಯಾವ ಕಡೆ ನಿಂತ್ಕೊಂಡ್ರೆ ಚೆನ್ನಾಗಿ ಕೇಳತ್ತೆ?"

"ಗೇಟು ಮುಚ್ಚಿ ನಿಂತ್ಕೊಂಡ್ರೆ ಕೇಳತ್ತೆ."

"ನಾವು ಮುಚ್ಚೇ ಬಂದ್ವಿ."

"ಹಾಗಾದ್ರೆ ಬೆಳಿಗ್ಗೆ ತೆಗೆದೋರು ಯಾರು? ಕೆರೆಯಿಂದ ಎದ್ದು ಬಂದವರಾ?"

ಗಂಡಸು ನಕ್ಷೆ ಮಡಿಸಿದ. "ಇವರು ಗದರೋದಕ್ಕೂ ಟಿಕೆಟ್ ಇಡಬಹುದು," ಅಂತ ಹೆಂಡತಿಗೆ ಹೇಳಿದ್ದು ನೆಸ್ಟ್‌ಗೂ ಕೇಳಿಸಿತು. ಕುರಿಗಳು ಗೇಟು ದಾಟಿದ ಮೇಲೆ ಸರಪಳಿ ಹಾಕಿ, ತಂತಿಯಿಂದ ಬಿಗಿದು ಕಟ್ಟಿದಳು. ಮರುದಿನ ಬೆಳಿಗ್ಗೆ ತಂತಿ ಬಿಚ್ಚಿಕೊಂಡಿತ್ತು. ಸರಪಳಿ ಕಂಬದ ಮೊಳೆಗೆ ನೇತುಬಿದ್ದಿತ್ತು.

ಪೊಂಟಲ್ವೆನ್ ಎಂದರೆ ಒಂದು ಬೀದಿ. ಶಾಲೆ ಮುಚ್ಚಿ ಚಿತ್ರ ಮಾರುವ ಅಂಗಡಿಯಾಗಿತ್ತು. ಎರಡು ಪ್ರಾರ್ಥನಾ ಮಂದಿರಗಳಲ್ಲಿ ಒಂದು ಸೈಕಲ್ ಸವಾರರು ಮಲಗುವ ಜಾಗವಾಗಿತ್ತು. ಇನ್ನೊಂದರಲ್ಲಿ ತಿಂಗಳಿಗೊಮ್ಮೆ ಪ್ರಾರ್ಥನೆ. ಉಳಿದದ್ದು ಪಬ್ಬು, ದಿನಸಿ ಅಂಗಡಿ, ಕೆರೆಗೆ ಹೋಗುವವರ ಕಾರು ನಿಲ್ಲಿಸುವ ಜಾಗ. ಅಂಗಡಿಯ ಮುಂದೆ ಐರ್ವಿನ್ ಕಾರಿಗೆ ಒರಗಿ ನಿಂತು ಐಸ್‌ಕ್ರೀಂ ತಿನ್ನುತ್ತಿದ್ದ. ಅರವತ್ತರ ಮೇಲಿನ, ಅಗಲ ಭುಜದ ಮನುಷ್ಯ. ಕುರಿಯವರ ಸಂಘಕ್ಕೆ ಅವನೇ ಅಧ್ಯಕ್ಷ.

"ಏನಮ್ಮ, ನಿನ್ ಕುರಿಗಳು ಎಸ್ಗೈರ್‌ಗೆ ಬಸ್ ಪಾಸ್ ಮಾಡಿಸ್ಕೊಂಡಿವೆಯಂತೆ?"

"ನಿಮ್ಮವು ಟಿಕೆಟ್ಟೂ ಇಲ್ದೆ ನನ್ ಗುಡ್ಡದಲ್ಲೇ ಮನೆ ಮಾಡ್ಕೊಂಡಿವೆ ಐರ್ವಿನ್."

ಅವನು ನಕ್ಕ. ಮೂರು ವರ್ಷ ಖಾಲಿ ಇದ್ದ ಮೋಯೆಲ್ ಮೇಲೆ ಅವನ ಕೆಂಪು ಗುರುತಿನ ಕುರಿಗಳು ಹರಡಿಕೊಂಡಿದ್ದವು. ಅದು ಎಲ್ಲರಿಗೂ ಗೊತ್ತಿತ್ತು. "ಹುಲ್ಲು ಸುಮ್ನೆ ಒಣಗೋದಕ್ಕಿಂತ ಯಾವುದೋ ಒಂದು ಬಾಯಿ ತಿನ್ಲಿ ಅಂತ. ನೀನು ಹಿಂಡು ನಿಲ್ಸು, ನಾನು ವಾಪಸ್ ಕರ್ಕೋತೀನಿ."

"ನಿಲ್ಸ್ತೀನಿ."

"ಗಂಡು ಮಕ್ಳು ಹೀಗೇ ಅಂದು ಬಿಟ್ಟು ಹೋಗಿದ್ದು ನೋಡಿದ್ದೀನಿ."

"ಹಾಗಾದ್ರೆ ಈ ಸಲ ಹೊಸದು ನೋಡಿ."

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಗೋಡೆಯ ಮೂಲೆಯಲ್ಲಿ ಕೂತಳು. ಜೆಸ್ ಪಕ್ಕದಲ್ಲಿ ಮಲಗಿದ್ದಳು. ಕುರಿಗಳು ಗೋಡೆಗುಂಟ ಸಾಲಾಗಿ ಮಲಗಿ ಕೂಗುತ್ತಿದ್ದವು. ಎಲ್ಲಕ್ಕಿಂತ ಮುಂದೆ, ಗೇಟಿಗೆ ಮೂತಿ ಒತ್ತಿಕೊಂಡು, ಹರಿದ ಕಿವಿಯ ಹಳೆಯ ಕುರಿ. ಅದು ಎದ್ದರೆ ಉಳಿದವು ಏಳುತ್ತಿದ್ದವು. ಅದು ನಡೆದರೆ ನಡೆಯುತ್ತಿದ್ದವು.

ಕೆಳಗಿನಿಂದ ಒಬ್ಬ ಮನುಷ್ಯ ಕೋಲೂರಿಕೊಂಡು ಹತ್ತಿ ಬರುತ್ತಿದ್ದ. ಹಿಂದೆ ಒಂದು ಕಪ್ಪು ನಾಯಿ. ಹಾದಿ ನೋಡದೆ ನಡೆಯುತ್ತಿದ್ದ, ಅಷ್ಟು ಪರಿಚಯದ ಹಾದಿ. ಗೇಟಿನ ಬಳಿ ಬಂದು ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಸರಪಳಿ ತೆಗೆದು ಮೊಳೆಗೆ ನೇತುಹಾಕಿದ. ಪ್ರವಾಸಿಗಳಾಗಿದ್ದರೆ ಅದನ್ನು ಕೆಸರಿಗೆ ಬಿಡುತ್ತಿದ್ದರು. ನೆಸ್ಟ್‌ಗೆ ಅದು ಮೊದಲೇ ಹೊಳೆಯಬೇಕಿತ್ತು.

"ಅಪ್ಪ."

ಇಥೆಲ್ ಬೆಚ್ಚಲಿಲ್ಲ. ಗೇಟಿನ ಮೇಲೆ ಕೈ ಹಾಗೇ ಇತ್ತು. "ಬೇಗ ಎದ್ದಿದ್ದೀಯ," ಅಂದ.

"ಎಷ್ಟು ದಿನದಿಂದ ನಡೀತಿದೆ ಇದು?"

"ಕೂಗ್ತಾವೆ ಕಣೆ. ಕಿಟಕಿ ಮುಚ್ಚಿದ್ರೂ ಕೇಳತ್ತೆ."

"ಕೂಗ್ಲಿ. ಸ್ವಲ್ಪ ದಿನ ಕೂಗಿ ಸುಮ್ನಾಗ್ತವೆ. ಹೇಳ್ಕೊಟ್ಟೋನು ನೀನೇ."

"ಅದು ಬೇರೆಯವ್ರ ಕುರಿ ವಿಷಯ ಹೇಳಿದ್ದು."

"ಇವೂ ಬೇರೆಯವ್ರದ್ದೇ ಈಗ. ನಂದು." ಅವಳ ದನಿ ಏರಿತು. "ಎರಡು ವಾರದಿಂದ ದಾರೀಲಿ ಹೋಗೋ ಬರೋರ ಮೇಲೆಲ್ಲ ಹಾರಾಡಿದ್ದೀನಿ. ಆ ಮಳೆಯಂಗಿಯವ್ರ ಹತ್ರ ಹೊಡೆದಾಡೋದೊಂದು ಬಾಕಿ."

"ಅವ್ರೂ ಒಂದೆರಡು ಸಲ ತೆಗ್ದಿರ್ತಾರೆ ಬಿಡು."

"ಅಪ್ಪ, ನವೆಂಬರಲ್ಲಿ ಆ ಗುಡ್ಡಕ್ಕೆ ಬೇಲಿ ಬೀಳತ್ತೆ. ಹುಲ್ಲಿರೋ ಕಡೆಯೆಲ್ಲ ಗಿಡ ಬರತ್ತೆ. ಆವಾಗ ಯಾವ ಗೇಟು ತೆಗೀತೀಯ?"

"ಗೆಥಿನ್ ಬಾಯಿಗೆ ಬಂದಿದ್ದೆಲ್ಲ ಹೇಳ್ತಾನೆ. ದನದ ಕೊಟ್ಟಿಗೆ ಹೊಸದು ಮಾಡ್ತೀನಿ ಅಂದಿದ್ದ, ಮಾಡಿದ್ನಾ?"

"ಸಹಿ ಹಾಕಿಯಾಗಿದೆ."

ಇಥೆಲ್ ಗೇಟು ತೆರೆಯಲಿಲ್ಲ, ಮುಚ್ಚಲೂ ಇಲ್ಲ. ಹರಿದ ಕಿವಿಯದು ಸರಳುಗಳ ನಡುವೆ ಮೂತಿ ತೂರಿಸಿ ಅವನ ಕೋಟಿನ ಅಂಚು ಮೂಸುತ್ತಿತ್ತು. ಅವನು ಅದರ ಹಣೆಯ ಮೇಲೆ ಬೆರಳಿನ ಗೆಣ್ಣು ಆಡಿಸಿದ.

"ನಿನ್ ಸೀಟಿ ಕೇಳಿದ್ರೆ ಇವು ಎಲ್ಲಿಗಾದ್ರೂ ಹೋಗ್ತವೆ," ಅಂದಳು ನೆಸ್ಟ್. "ನನ್ನ ಮಾತು ಅಷ್ಟು ಕೇಳಲ್ಲ. ನೀನೇ ನಿನ್ ನಾಯಿ ಬಿಟ್ಟು ಮೇಲಕ್ಕೆ ಓಡ್ಸು. ಒಂದು ವಾರ ಓಡ್ಸಿದ್ರೆ ಸಾಕು."

"ನನ್ ಕೈಲಿ ಇವನ್ನ ಮನೆಯಿಂದ ಓಡ್ಸು ಅಂತೀಯ?"

"ಹೌದು."

"ಆಗಲ್ಲ."

ಅವನು ಸರಪಳಿ ಹಾಕಿ ಬಂದ ದಾರಿಯಲ್ಲೇ ಇಳಿದ. ನಾಯಿ ಮೋಟ್ ಎರಡು ಸಲ ತಿರುಗಿ ಕುರಿಗಳನ್ನು ನೋಡಿತು. ಅವನು ಒಂದು ಸಲವೂ ನೋಡಲಿಲ್ಲ. ಆದರೆ ನಾಳೆ ಬೆಳಿಗ್ಗೆ ಮತ್ತೆ ಬರುತ್ತಾನೆಂಬುದು ಅವಳಿಗೆ ಗೊತ್ತಿತ್ತು.

ಅದು ಸಾರ್ವಜನಿಕ ಹಾದಿ, ಗೇಟಿಗೆ ಬೀಗ ಹಾಕುವಂತಿಲ್ಲ. ನೆಸ್ಟ್ ಮನೆಗೆ ಹೋಗಿ ಕುದುರೆ ಸಾಗಿಸುವ ಹಳೆಯ ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದಳು. ಒಳಗೆ ಒಂದು ಹಾಸಿಗೆ, ಗ್ಯಾಸಿನ ಒಲೆ, ಚಹಾ, ಡಬ್ಬಿಯ ಬೀನ್ಸ್, ನಾಯಿಯ ತಿಂಡಿಯ ಚೀಲ. ಗೇಟಿನ ಪಕ್ಕದಲ್ಲೇ ತಂದು ನಿಲ್ಲಿಸಿದಳು. ಅಂದಿನಿಂದ ಅಲ್ಲೇ ಮಲಗಿದಳು.

ಸುದ್ದಿ ಸಂಜೆಗೆಲ್ಲ ಪಬ್ಬಿಗೆ ಮುಟ್ಟಿತು. ಕೆರೆ, ಜಲಪಾತದ ಜೊತೆ ಈಗ ಮೂರನೆಯದೂ ಒಂದು ನೋಡುವಂಥದ್ದು ಇದೆ ಅಂತ ಐರ್ವಿನ್ ಹೇಳಿದನಂತೆ. ನಡೆದು ಹೋಗುವವರು ನಿಜಕ್ಕೂ ನಿಂತು ನೋಡುತ್ತಿದ್ದರು. ಚಹಾ ಎಷ್ಟು ಅಂತ ಕೇಳಿದವರೂ ಇದ್ದರು. ಒಬ್ಬಳು ಹುಡುಗಿ ಟ್ರೇಲರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ನೆಸ್ಟ್ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಗೇಟು."

ಕೆಲಸ ಸುಲಭ, ಬೇಸರದ್ದು. ಸಂಜೆಯಾಗುತ್ತಲೇ ಹರಿದ ಕಿವಿಯದು ತಲೆಯೆತ್ತಿ ಎಸ್ಗೈರ್ ಕಡೆ ನೋಡುತ್ತಿತ್ತು. ನಡೆಯಲು ಶುರು ಮಾಡುತ್ತಿತ್ತು. ಉಳಿದವು ಒಂದರ ಹಿಂದೊಂದು ಇಳಿಯುತ್ತಿದ್ದವು. ನೆಸ್ಟ್ ಜೆಸ್‌ಳನ್ನು ಬಿಟ್ಟು ಅವುಗಳನ್ನು ತಿರುಗಿಸಿ, ಗುಡ್ಡದ ನೆತ್ತಿಯ ಕೆಳಗಿನ ತಗ್ಗಿಗೆ ಒಯ್ಯುತ್ತಿದ್ದಳು. ಅಲ್ಲಿ ಗಾಳಿ ಕಡಿಮೆ, ಹುಲ್ಲು ಸಿಹಿ, ಸಣ್ಣ ಒರತೆ. ಬೇಕಾದದ್ದೆಲ್ಲ ಇತ್ತು. ಅವಕ್ಕೆ ಬೇಕಾದದ್ದು ಮಾತ್ರ ಅದಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಗೋಡೆಯ ಬಳಿ. ಮತ್ತೆ ಹತ್ತಿಸುತ್ತಿದ್ದಳು. ಆಗಸ್ಟ್ ತುಂಬ ಮಳೆ. ಬೂಟಿನೊಳಗೆ ಕಾಲು ಬೆಳ್ಳಗೆ ಸುಕ್ಕುಗಟ್ಟಿತು. ಸಿಟ್ಟು ಬಂದಾಗ ಕುರಿಗಳಿಗೆ ಬೈಯುತ್ತಿದ್ದಳು, ಸಾಕಾದಾಗ ಜೆಸ್‌ಗೆ ಬೈಯುತ್ತಿದ್ದಳು. ಬಿಟ್ಟು ಹೋಗುವ ಯೋಚನೆ ಬರಲಿಲ್ಲವೆಂದಲ್ಲ. ಬಂದಾಗೆಲ್ಲ ಬ್ಲೈನಾಂಟ್ ಬಾಗಿಲಿಗೆ ಕೀ ಡಬ್ಬಿ ಜಡಿಯುವುದು ಕಣ್ಣ ಮುಂದೆ ಬರುತ್ತಿತ್ತು. ಎದ್ದು ಬೂಟು ಹಾಕಿಕೊಳ್ಳುತ್ತಿದ್ದಳು.

ಇಥೆಲ್ ಬೆಳಿಗ್ಗೆ ಬರುವುದನ್ನು ಬಿಡಲಿಲ್ಲ. ಗೇಟಿನ ಆಚೆ ನಿಲ್ಲುತ್ತಿದ್ದ.

"ಚಹಾ ಇದೆಯಾ?"

"ಇದೆ. ಆ ಕಡೆನೇ ನಿಂತು ಕುಡಿಯೋದಾದ್ರೆ."

ಅವಳು ಗೇಟಿನ ಮೇಲಿಂದ ಲೋಟ ಕೊಡುತ್ತಿದ್ದಳು. ಅವನು ಜೇಬಿನಿಂದ ಒಣದ್ರಾಕ್ಷಿಯ ರೊಟ್ಟಿಯ ತುಂಡು, ಮೇಲೆ ದಪ್ಪಗೆ ಬೆಣ್ಣೆ ಹಚ್ಚಿದ್ದು, ಕಾಗದದಲ್ಲಿ ಸುತ್ತಿ ತಂದದ್ದನ್ನು ಕೊಡುತ್ತಿದ್ದ. ಮಳೆ, ಟಗರಿನ ಕಾಲು ನೋವು, ಪ್ರಾರ್ಥನಾ ಮಂದಿರದ ಸೋರುವ ಮಾಡು, ಇಷ್ಟೇ ಮಾತು. ಅವನ ದನಿ ಕೇಳಿದ್ದೇ ತಡ ತಗ್ಗಿನಲ್ಲಿದ್ದ ಕುರಿಗಳು ಕಿವಿ ನಿಮಿರಿಸುತ್ತಿದ್ದವು. ಹರಿದ ಕಿವಿಯದು ಓಡಿ ಬರುತ್ತಿತ್ತು. ಹಿಂದೆಯೇ ಉಳಿದವು. ಹಿಂದಿನ ದಿನದ ಕೆಲಸವೆಲ್ಲ ಒಂದು ಲೋಟ ಚಹಾಕ್ಕೆ ಹಾಳಾಗುತ್ತಿತ್ತು.

"ನಾಳೆಯಿಂದ ಬರಬೇಡ ಅಪ್ಪ," ಅಂದಳು ಒಂದು ಬೆಳಿಗ್ಗೆ.

"ಗೇಟು ಮುಟ್ಟಿಲ್ವಲ್ಲ ನಾನು."

"ನೀನು ಇಲ್ಲಿ ನಿಂತ್ರೇ ಸಾಕು, ಗೇಟು ತೆಗೆದ ಹಾಗೆ. ನೋಡು." ಅವಳು ಇಳಿದು ಬರುತ್ತಿದ್ದ ಹಿಂಡಿನ ಕಡೆ ಕೈ ತೋರಿಸಿದಳು. "ನಾನು ಅಕ್ಟೋಬರಿಗೆ ಸೋತ್ರೆ ಇವು ನಿನ್ನ ಹತ್ರ ಬರಲ್ಲ. ಇವೂ ಇಲ್ಲ, ನಾನೂ ಇಲ್ಲ. ಎಲ್ಲ ಸಂತೆಗೆ."

ಅವನು ಲೋಟದ ತಳದ ಚಹಾ ಹುಲ್ಲಿಗೆ ಚೆಲ್ಲಿ ಲೋಟ ಕೊಟ್ಟ. "ನಿಮ್ಮಮ್ಮನ ನಾಲಿಗೆ ನಿಂದು," ಅಂದು ಇಳಿದು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನೆಸ್ಟ್‌ಗೆ ಕೆಟ್ಟದೆನಿಸಿತು. ಆದರೂ ಕರೆಯಲು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಮರ ನೆಡುವ ಕಂಪನಿಯ ಇಬ್ಬರು ಎಸ್ಗೈರ್ ಗುಡ್ಡಕ್ಕೆ ಬಂದರು. ಬೇಲಿ ಎಲ್ಲಿ ಬರಬೇಕೋ ಅಲ್ಲಿ ಗೂಟ ಬಡಿಯುತ್ತ, ಪ್ರತಿ ಗೂಟಕ್ಕೂ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತ ಹೋದರು. ಸಂಜೆ ಅವರು ಹೋದ ಮೇಲೆ ಇಥೆಲ್ ಗೂಟಗಳ ಸಾಲಿನಲ್ಲಿ ನಡೆಯುವುದು ಟ್ರೇಲರಿನಿಂದ ಕಾಣಿಸಿತು. ಒಂದೊಂದು ಗೂಟವನ್ನೂ ಕೋಲಿನಿಂದ ಮುಟ್ಟುತ್ತ ಕೆಳಗಿನ ತೊರೆಯವರೆಗೂ ಹೋದ. ಕಿತ್ತೆಸೆಯುತ್ತಾನೆಂದುಕೊಂಡಳು. ಕೀಳಲಿಲ್ಲ.

ಬೆಳಿಗ್ಗೆ ಗೇಟಿನ ಸರಪಳಿಯ ಸದ್ದಿಗೆ ಎಚ್ಚರವಾಯಿತು. ಅವಳು ಕಂಬಳಿ ಸುತ್ತಿಕೊಂಡೇ ಹೊರಗೆ ಬಂದಳು.

"ಗೇಟು ತೆಗಿ," ಅಂದ ಇಥೆಲ್.

"ತೆಗೆಯಲ್ಲ."

"ತೆಗಿ ಅಂದೆ. ಅವನ್ನ ಈ ಕಡೆ ಬಿಡೋಕಲ್ಲ, ನಾನು ಆ ಕಡೆ ಬರೋಕೆ. ನಿನ್ ತಂತಿ ಈಗ ನನ್ ಬೆರಳಿಗೆ ಬಗ್ಗಲ್ಲ."

ಅವಳು ಬಿಚ್ಚಿದಳು. ಅವನು ಒಳಗೆ ಬಂದು ತಾನೇ ಸರಪಳಿ ಹಾಕಿದ. ಕುರಿಗಳು ಸುತ್ತ ಮುತ್ತಿಕೊಂಡವು. ಹರಿದ ಕಿವಿಯದು ಅವನ ಮೊಣಕಾಲಿಗೆ ತಲೆ ಒತ್ತಿತು. ಅವನು ಬಾಗಲಿಲ್ಲ. ನಾಲಿಗೆಯ ಕೆಳಗೆ ಎರಡು ಬೆರಳಿಟ್ಟು ಗೋಡೆಗೆ ಬಡಿಯುವಂತೆ ಸೀಟಿ ಹಾಕಿದ.

ಮೋಟ್ ನೆಲಕ್ಕಂಟಿಕೊಂಡು ಗೋಡೆಗುಂಟ ಓಡಿ ಹಿಂಡಿನ ಕೆಳಗೆ ಬಂತು. ಇಷ್ಟು ವರ್ಷ ಅದು ಈ ಕುರಿಗಳನ್ನು ಮನೆಯ ಕಡೆಗೆ ಮಾತ್ರ ಓಡಿಸಿತ್ತು. ನಿಂತು ಯಜಮಾನನ ಮುಖ ನೋಡಿತು. ಅವನು ಮತ್ತೆ ಸೀಟಿ ಹಾಕಿದ. ಕುರಿಗಳು ಗಲಿಬಿಲಿಯಾಗಿ ತಿರುಗಿದವು, ಹತ್ತಲು ಶುರು ಮಾಡಿದವು. ಹರಿದ ಕಿವಿಯದು ಕದಲಲಿಲ್ಲ. ಮುಂಗಾಲು ನೆಲಕ್ಕೆ ಕುಟ್ಟಿ ನಾಯಿಯನ್ನು ಎದುರಿಸಿ ನಿಂತಿತು.

"ಹಿಡಿ," ಅಂದ ಇಥೆಲ್.

ಮೋಟ್ ಅದರ ಮೂಗು ಕಚ್ಚಿತು. ಜೋರಾಗಿಯಲ್ಲ. ಆದರೆ ಎಸ್ಗೈರ್‌ನ ಯಾವ ನಾಯಿಯೂ ಆ ಕುರಿಯನ್ನು ಯಾವತ್ತೂ ಕಚ್ಚಿರಲಿಲ್ಲ. ಅದು ತಿರುಗಿ ಓಡಿತು.

ತಗ್ಗನ್ನು ದಾಟಿ, ನೆತ್ತಿಯವರೆಗೂ ಅವನೇ ಹೊಡೆದುಕೊಂಡು ಹೋದ. ವಾಪಸ್ ಬರುವಷ್ಟರಲ್ಲಿ ಉಸಿರು ಎಳೆದುಕೊಳ್ಳುತ್ತಿತ್ತು. ಟ್ರೇಲರಿನ ಮೆಟ್ಟಿಲ ಮೇಲೆ ಕೂತ. ಚಹಾ ಕೊಟ್ಟರೆ ಹಿಡಿದುಕೊಂಡ, ಕುಡಿಯಲಿಲ್ಲ.

"ಆ ಹರಿದ ಕಿವಿಯದ್ದು ಇರೋವರ್ಗೂ ಉಳಿದವು ಇಲ್ಲಿ ನಿಲ್ಲಲ್ಲ. ಸಂತೆಗೆ ಹಾಕು."

"ನಿನ್ನ ಹಿಂಡಲ್ಲೇ ಒಳ್ಳೇ ಕುರಿ ಅದು ಅಪ್ಪ."

"ಅದಕ್ಕೇ."

ಆ ವಾರದ ಸಂತೆಗೆ ಅವಳು ಅದನ್ನು ಒಯ್ದಳು. ಅದು ಟ್ರೇಲರಿನೊಳಗೆ ಸುಮ್ಮನೆ ಹತ್ತಿತು. ಹರಾಜಿನ ಕಟ್ಟೆಯ ಸುತ್ತ ನಿಂತವರಲ್ಲಿ ಒಬ್ಬ, "ಎಸ್ಗೈರ್ ಇಥೆಲ್ ಇದನ್ನ ಮಾರ್ತಿದ್ದಾನಾ? ಹುಷಾರಿಲ್ವಾ ಅವ್ನಿಗೆ?" ಅಂತ ಕೇಳಿದ. "ಮಾರ್ತಿರೋಳು ನಾನು," ಅಂದಳು. ಇಥೆಲ್ ಅಂದಿನಿಂದ ಪ್ರತಿ ಬೆಳಿಗ್ಗೆ ಬಂದು ಸೀಟಿ ಹಾಕಿ ಕುರಿ ಹತ್ತಿಸಿ ಹೋಗುತ್ತಿದ್ದ. ಮಗಳ ಜೊತೆ ಮಾತು ಬಿಟ್ಟಿದ್ದ. ಅವಳಿಗೆ ಮಾತಿಗಿಂತ ಸೀಟಿ ಬೇಕಿತ್ತು.

ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಗೋಡೆಯ ಬಳಿ ಒಂದು ಕುರಿಯೂ ಇರಲಿಲ್ಲ. ಎಲ್ಲ ಮೇಲಿನ ತಗ್ಗಿನಲ್ಲೇ ಉಳಿದಿದ್ದವು.

ಕುರಿ ಇಳಿಸುವ ದಿನ ಕಣಿವೆ ತುಂಬ ಮಂಜು. ಒಬ್ಬರಿಗೊಬ್ಬರು ಕಾಣದಿದ್ದರೂ ಸಾಲು ತಪ್ಪಬಾರದೆಂದು ಕೂಗುತ್ತ, ಸೀಟಿ ಹಾಕುತ್ತ ಎಲ್ಲರೂ ಗುಡ್ಡಗಳಿಂದ ಕುರಿಗಳನ್ನು ಒತ್ತಿ ತಂದರು. ತೊರೆಯ ಪಕ್ಕದ ದೊಡ್ಡ ಕಲ್ಲಿನ ದೊಡ್ಡಿಗೆ ತುಂಬಿದರು. ಆ ದೊಡ್ಡಿಯಿಂದ ಮೂರು ಹಾದಿ ಹೊರಡುತ್ತವೆ: ಒಂದು ಎಸ್ಗೈರ್‌ಗೆ, ಒಂದು ಮೋಯೆಲ್‌ಗೆ, ಒಂದು ಡೋಲ್ವೆನ್‌ಗೆ. ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತು. ನೀಲಿ ಗುರುತಿನವನ್ನು ಒಂದು ಅಂಕಣಕ್ಕೆ, ಕೆಂಪು ಗುರುತಿನವನ್ನು ಇನ್ನೊಂದಕ್ಕೆ ಬೇರ್ಪಡಿಸಿ, ಔಷಧಿ ಕುಡಿಸಿ ಮುಗಿಸಿದರು. ಮಿಸೆಸ್ ಪ್ರೋಥೆರೋ ಸ್ವಚ್ಛವಾದ ಬೂಟು ಹಾಕಿಕೊಂಡು ಗೋಡೆಯ ಬಳಿ ನಿಂತಿದ್ದಳು. ಎಲ್ಲರ ಕೈಯಲ್ಲೂ ಬಿಸಿ ಕುರಿಮಾಂಸದ ಸಾರಿನ ಬಟ್ಟಲು.

"ಏನು ಐರ್ವಿನ್, ಬ್ಲೈನಾಂಟ್ ಹಿಂಡು ಮೋಯೆಲ್ ಮೇಲೆ ನಿಂತಿದೆಯಾ?" ಕೇಳಿದಳು.

ಐರ್ವಿನ್ ಮೀಸೆ ಒರೆಸಿಕೊಂಡ. "ಮಂಜು ಕಣಮ್ಮ. ಯಾವ ಕುರಿ ಯಾವ ಕಡೆಯಿಂದ ಬಂತು ಅಂತ ಯಾರು ನೋಡಿದ್ರು? ನಾನಂತೂ ನೋಡಿಲ್ಲ. ನೋಡದೆ ಇರೋದನ್ನ ಹೇಳೋಕಾಗಲ್ಲ."

"ನನ್ ಕುರಿ ತಗ್ಗಲ್ಲಿದ್ವು. ನಾನು ಅಲ್ಲಿಂದಾನೇ ಇಳಿಸಿದ್ದು," ಅಂದಳು ನೆಸ್ಟ್.

"ನೀನು ಹೇಳ್ತೀಯ. ನಿಮ್ಮಪ್ಪ ದಿನಾ ಬೆಳಿಗ್ಗೆ ಬಂದು ಹತ್ತಿಸ್ತಿದ್ದ ಅಂತ ಊರೆಲ್ಲ ಹೇಳತ್ತೆ. ಕಾವಲಿಟ್ರೆ ಕೋಳಿನೂ ಗುಡ್ಡದ ಮೇಲೆ ನಿಲ್ಲತ್ತೆ. ಅದು ನೆಲೆ ಅಲ್ಲ."

ಕೆಲವರು ನಕ್ಕರು. ಇಥೆಲ್ ಬಟ್ಟಲು ನೋಡುತ್ತ ನಿಂತಿದ್ದ. ಗೆಥಿನ್, "ಮುಂದಿನ ವರ್ಷ ನೋಡಬಹುದಲ್ಲ," ಅಂತ ಮೆಲ್ಲಗೆ ಅಂದ. ಮಿಸೆಸ್ ಪ್ರೋಥೆರೋ, "ಮುಂದಿನ ವರ್ಷ ಅಂತ ಕರಾರಿನಲ್ಲಿಲ್ಲ," ಅಂದಳು.

ನೆಸ್ಟ್ ಬಟ್ಟಲು ಕೆಳಗಿಟ್ಟಳು. "ಹಾಗಾದ್ರೆ ಈಗ್ಲೇ ಬಿಟ್ಟು ನೋಡಿ."

"ಏನಂದೆ?"

"ದೊಡ್ಡಿ ಗೇಟು ತೆಗೀರಿ. ನಾಯಿಗಳನ್ನೆಲ್ಲ ಕಟ್ಟಿ. ಯಾರೂ ಸೀಟಿ ಹಾಕಬೇಡಿ, ಯಾರೂ ಕದಲಬೇಡಿ. ನಿಮ್ಮವು, ನನ್ನವು, ಎರಡನ್ನೂ ಬಿಡೋಣ. ಮೂರು ಹಾದಿ ಇದೆ. ಎಲ್ಲಿಗೆ ಹೋಗ್ತವೋ ಅದೇ ಅವುಗಳ ನೆಲೆ."

"ಎಸ್ಗೈರ್ ಕಡೆ ಹೋದ್ರೆ?" ಐರ್ವಿನ್ ಕೇಳಿದ.

"ಹೋದ್ರೆ ಗುಡ್ಡ ನಿಮ್ದು."

ಇಥೆಲ್ ಆಗ ತಲೆಯೆತ್ತಿದ. ಮೋಟ್‌ನ ಕೊರಳಪಟ್ಟಿ ಹಿಡಿದು ಗೋಡೆಯ ಹಿಂದೆ ಹೋಗಿ ನಿಂತ, ಕುರಿಗಳಿಗೆ ಕಾಣದ ಹಾಗೆ.

ನೆಸ್ಟ್ ತಾನೇ ಗೇಟು ತೆರೆದಳು. ಕುರಿಗಳು ನುಗ್ಗಿ ಬಂದು, ಮುಂದೆ ಯಾರೂ ಇಲ್ಲದ್ದು ನೋಡಿ ನಿಂತವು. ಒಂದು ಮುದಿ ಕುರಿ ಎಸ್ಗೈರ್ ಕಡೆ ಮುಖ ಮಾಡಿತು. ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕೈದು. ಅವು ಆ ಹಾದಿ ಹಿಡಿದವು.

"ಅಗೋ," ಅಂದ ಐರ್ವಿನ್.

ನೆಸ್ಟ್ ಕದಲಲಿಲ್ಲ. ಕೈ ಗೇಟಿನ ಸರಳಿಗೆ ಅಂಟಿಕೊಂಡಿತ್ತು.

ಆ ವರ್ಷ ಹುಟ್ಟಿದ ಹೆಣ್ಣು ಮರಿಗಳು ಇನ್ನೂ ಅಲ್ಲೇ ಗುಂಪಾಗಿದ್ದವು. ಈ ಬೇಸಿಗೆ ತಗ್ಗಿನಲ್ಲೇ ಮೇಯ್ದು ಬೆಳೆದ ಅವು ಎಸ್ಗೈರ್ ಕಡೆ ನೋಡಲೂ ಇಲ್ಲ. ಒಂದು ಮರಿ ಮೋಯೆಲ್ ಹಾದಿಗೆ ಜಿಗಿಯಿತು. ಉಳಿದವು ಹಿಂದೆಯೇ ಓಡಿದವು. ದೊಡ್ಡ ಕುರಿಗಳು ಒಂದು ಕ್ಷಣ ನಿಂತವು. ಮುಂದೆ ನಡೆಸುವ ಹರಿದ ಕಿವಿ ಇರಲಿಲ್ಲ. ಅವು ಮರಿಗಳ ಹಿಂದೆ ನಡೆದವು. ಮೊದಲು ಕೆಲವು, ಆಮೇಲೆ ಹಿಂಡಿಗೆ ಹಿಂಡೇ. ಮೇಯುತ್ತ, ಅವಸರವಿಲ್ಲದೆ ಹಾದಿಯನ್ನು ತುಂಬಿಕೊಂಡು ಹತ್ತಿದವು.

ಅವುಗಳ ಜೊತೆಗೇ ಐರ್ವಿನ್‌ನ ಕೆಂಪು ಗುರುತಿನ ಒಂದು ದೊಡ್ಡ ಗುಂಪೂ ಡೋಲ್ವೆನ್ ಹಾದಿ ಬಿಟ್ಟು ಮೋಯೆಲ್ ಕಡೆಗೇ ಹತ್ತತೊಡಗಿತು. ಈ ಸಲ ಎಲ್ಲರೂ ಜೋರಾಗಿ ನಕ್ಕರು.

"ಕೋಳಿಗಳು ಹೊರಟ್ವು ನೋಡು ಐರ್ವಿನ್," ಅಂದ ಗೆಥಿನ್.

ಐರ್ವಿನ್‌ನ ಕಿವಿ ಕೆಂಪಾಯಿತು. ಆದರೂ ಅವನು ಅಧ್ಯಕ್ಷ. ನೋಡಿದ್ದನ್ನು ಹೇಳಬೇಕು. "ನಿಂತಿವೆ," ಅಂದ ಮಿಸೆಸ್ ಪ್ರೋಥೆರೋ ಕಡೆ ತಿರುಗಿ. "ಅವಳ ಹಿಂಡು ಮೋಯೆಲ್ ಮೇಲೆ ನಿಂತಿದೆ. ಬರ್ಕೊಳ್ಳಿ." ಆಮೇಲೆ ನೆಸ್ಟ್‌ಗೆ, "ನನ್ನವನ್ನ ಕ್ರಿಸ್‌ಮಸ್ ಆದ್ಮೇಲೆ ನಿಧಾನವಾಗಿ ಇಳಿಸ್ಕೋತೀನಿ. ಅಲ್ಲೇ ಮೇಯ್ದು ರೂಢಿಯಾಗಿದೆ ಅವಕ್ಕೆ."

"ಇವತ್ತು."

"ಇವತ್ತಾ? ಕತ್ತಲಾಗತ್ತೆ ಹುಡುಗಿ."

"ಇನ್ನೂ ಬೆಳಕಿದೆ. ನಿಮ್ ನಾಯಿ ಬಿಚ್ಚಿ. ನಾನು ಮೇಲಿನ ಕಡೆ ನಿಂತು ನನ್ನವನ್ನ ತಡೀತೀನಿ, ನೀವು ನಿಮ್ಮವನ್ನ ಇಳಿಸ್ಕೊಳ್ಳಿ."

ಅವನು ಮಿಸೆಸ್ ಪ್ರೋಥೆರೋಳನ್ನು ನೋಡಿದ. ಅವಳು ಬೂಟಿಗೆ ಮೆತ್ತಿದ್ದ ಕೆಸರನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಅವನು ಗೊಣಗಿಕೊಂಡು ನಾಯಿಯ ಹಗ್ಗ ಬಿಚ್ಚಿದ.

ಇಥೆಲ್ ಗೋಡೆಯ ಹಿಂದಿನಿಂದ ಬಂದ. ಎಸ್ಗೈರ್ ಹಾದಿ ಹಿಡಿದಿದ್ದ ಆರೇಳು ಮುದಿ ಕುರಿಗಳು ಅಷ್ಟರಲ್ಲಿ ಕಿತ್ತಳೆ ಪಟ್ಟಿಯ ಗೂಟಗಳವರೆಗೆ ಹೋಗಿದ್ದವು. "ಅವನ್ನ ಏನ್ಮಾಡ್ತೀಯ?" ಅಂತ ಕೇಳಿದ. ಒಂದು ತಿಂಗಳಲ್ಲಿ ಅವಳ ಜೊತೆ ಆಡಿದ ಮೊದಲ ಮಾತು.

"ಮಾರ್ತೀನಿ."

ಅವನು ತಲೆಯಾಡಿಸಿದ. "ನಾನು ಹಿಡ್ಕೊಂಡು ಬರ್ತೀನಿ. ನೀನು ಮೇಲಕ್ಕೆ ಹೋಗು. ಐರ್ವಿನ್ ನಾಯಿ ಒರಟು, ನಿನ್ ಮರಿಗಳನ್ನ ಚದುರಿಸತ್ತೆ."

ನೆಸ್ಟ್ ಜೆಸ್‌ಳನ್ನು ಕರೆದುಕೊಂಡು ಮೋಯೆಲ್ ಹಾದಿ ಹತ್ತಿದಳು. ಹಿಂಡು ಅವಳಿಗಿಂತ ತುಂಬಾ ಮೇಲಿತ್ತು, ತಗ್ಗಿನ ಅಂಚಿಗೆ ಬಂದಿತ್ತು. ಅವಳು ಹೆಜ್ಜೆ ಜೋರು ಮಾಡಿದಳು.